ವಿಪಿಪಿಯಿಂದ ಯುಪಿಐವರೆಗೆ: ನಡುವಿನ ಕೈ ಎಲ್ಲಿ ಹೋಯಿತು?

ಬೆಳಿಗ್ಗೆ ಬೇಗ ಮಂಗಳೂರಿನ ಹಳೆ ಬಂದರಿನ ದಕ್ಕೆಗೆ ಹೋದವರಿಗೆ ಮೀನಿನ ಏಲಂ ಗೊತ್ತಿರುತ್ತದೆ. ಮೀನು ಕಣ್ಣೆದುರೇ ಇರುತ್ತದೆ. ಬೇಕಾದರೆ ಕಿವಿರು ಎತ್ತಿ ನೋಡಬಹುದು. ದರ ಕೂಗುವವನ ಮುಖ ಪರಿಚಯ, ನಾಳೆಯೂ ಅವನು ಅಲ್ಲೇ ಸಿಗುತ್ತಾನೆ. ಬಂಗುಡೆ ಎಂದು ಕೂಗಿ ಕಲ್ಲು ಕೊಟ್ಟು ಹೋಗಲು ಅಲ್ಲಿ ಸಾಧ್ಯವಿಲ್ಲ.

ಆದರೆ 2022ರ ಅಕ್ಟೋಬರಿನಲ್ಲಿ ಇದೇ ಮಂಗಳೂರಿನಲ್ಲಿ ಒಬ್ಬರ ಲ್ಯಾಪ್‌ಟಾಪ್ ಪೆಟ್ಟಿಗೆಯಿಂದ ಕಲ್ಲೇ ಹೊರಬಂತು. ಫ್ಲಿಪ್‌ಕಾರ್ಟ್‌ನ ದೀಪಾವಳಿ ಸೇಲಿನಲ್ಲಿ ಗೆಳೆಯನಿಗಾಗಿ ತರಿಸಿದ್ದ ಗೇಮಿಂಗ್ ಲ್ಯಾಪ್‌ಟಾಪ್ ಅದು. ಪೆಟ್ಟಿಗೆಯಲ್ಲಿದ್ದದ್ದು ದೊಡ್ಡದೊಂದು ಕಲ್ಲು, ಜೊತೆಗೆ ಕಂಪ್ಯೂಟರಿನ ಗುಜರಿ. ಮಾರಾಟಗಾರ ಮೊದಲು ಹಣ ವಾಪಸು ಕೊಡಲು ಒಪ್ಪಲಿಲ್ಲ. ಫೋಟೊಗಳು ಟ್ವಿಟರ್‌ನಲ್ಲಿ ಹರಿದಾಡಿದ ಮೇಲೆ ಪೂರ್ತಿ ಹಣ ಮರಳಿತು.

ಎಲ್ಲರೂ ಕಲ್ಲಿನ ಬಗ್ಗೆ ಮಾತಾಡಿದರು. ನಮಗೆ ಮುಖ್ಯ ಅನ್ನಿಸಿದ್ದು ಹಣ ಮರಳಿದ ದಾರಿ. ಕೊಂಡವರಿಗೂ ಮಾರಿದವರಿಗೂ ನಡುವೆ ಕೇಳಿದರೆ ಉತ್ತರ ಕೊಡಬೇಕಾದ ಒಂದು ಕೈ ಇತ್ತು. ಆ ನಡುವಿನ ಕೈಗೆ ದೊಡ್ಡ ಇತಿಹಾಸವೇ ಇದೆ.

ನಮ್ಮ ಅಜ್ಜಂದಿರ ಕಾಲದಲ್ಲಿ ಆ ಕೈ ಅಂಚೆಯಣ್ಣನದು. ವಿಪಿಪಿ ಭಾರತದಲ್ಲಿ ಶುರುವಾದದ್ದು 1877ರಲ್ಲಿ. ಜಾಹೀರಾತು ನೋಡಿ ಕಾರ್ಡು ಬರೆದರೆ ವಾಚು, ಪುಸ್ತಕ, ಔಷಧ ಮನೆಗೇ ಬರುತ್ತಿತ್ತು. ಅಂಚೆಯವನಿಗೆ ದುಡ್ಡು ಕೊಟ್ಟ ಮೇಲೇ ಪಾರ್ಸೆಲ್ ಕೈಗೆ. ಒಳಗೇನಿದೆ ಎಂದು ಬಿಚ್ಚಿ ನೋಡುವುದು ಅದರ ನಂತರ. ಮೋಸಕ್ಕೆ ಜಾಗ ಇದ್ದದ್ದು ಅಲ್ಲೇ.

ಸರಕಾರಕ್ಕೆ ಇದು ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. 2024ರವರೆಗೆ ಜಾರಿಯಲ್ಲಿದ್ದ 1898ರ ಅಂಚೆ ಕಾಯ್ದೆಯಲ್ಲಿ ವಿಪಿಪಿಗೆಂದೇ ನಿಯಮ ಮಾಡುವ ಅಧಿಕಾರವಿತ್ತು. ‘ನಿಜವಾದ ಆರ್ಡರ್ ಬಂದದ್ದರಿಂದಲೇ ಇದನ್ನು ಕಳಿಸುತ್ತಿದ್ದೇನೆ’ ಎಂದು ಕಳಿಸುವವನು ಹೇಳಿಕೆ ಕೊಡಬೇಕಿತ್ತು. ಮೋಸವಾಗಿದ್ದರೆ ವಸೂಲಾದ ಹಣವನ್ನು ಅಂಚೆ ಇಲಾಖೆ ತಡೆಹಿಡಿದು ಪಾರ್ಸೆಲ್ ಪಡೆದವರಿಗೆ ಹಿಂದಿರುಗಿಸಬಹುದಿತ್ತು. ಯಾರೂ ಕೇಳದ ವಸ್ತುವನ್ನು ಕಳಿಸಿ ದುಡ್ಡು ಕೀಳುವವರು ಆಗಲೇ ಇದ್ದರೆಂದು ನಾವು ಇದರಿಂದ ಊಹಿಸುತ್ತೇವೆ. ಇಲ್ಲದಿದ್ದರೆ ಇಂಥ ನಿಯಮ ಯಾಕೆ ಬೇಕಿತ್ತು? ಆದರೆ ತಡೆಹಿಡಿಯಲು ಹಣ ಇನ್ನೂ ಇಲಾಖೆಯ ಕೈಯಲ್ಲೇ ಇರಬೇಕಿತ್ತು. ಮನಿ ಆರ್ಡರ್ ಆಗಿ ಮಾರಿದವನ ಮನೆ ಸೇರಿದ ಮೇಲೆ ತಡೆಹಿಡಿಯುವುದು ಏನನ್ನು?

ಏಲಂ ಇಂಟರ್ನೆಟ್ಟಿಗೆ ಬಂದದ್ದು ತೊಂಬತ್ತರ ದಶಕದಲ್ಲಿ. 1995ರಲ್ಲಿ ಅಮೆರಿಕದಲ್ಲಿ ಪಿಯರ್ ಒಮಿಡ್ಯಾರ್ ಶುರುಮಾಡಿದ ಹರಾಜು ತಾಣವೇ ಮುಂದೆ ಇಬೇ ಆಯಿತು. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೆಟ್ಟದ್ದು ಎಂದು ಹೇಳಿಯೇ ಮಾರಿದ್ದರು ಎಂಬುದನ್ನು ಮರೆಯಬಾರದು! ನಮ್ಮಲ್ಲಿ 2000ದ ಹೊತ್ತಿಗೆ ಬಾಝೀ ಡಾಟ್ ಕಾಮ್ ಬಂತು. 2004ರಲ್ಲಿ ಇಬೇ ಅದನ್ನು ಕೊಂಡಿತು.

ಇಬೇ ಇಂಡಿಯಾದಲ್ಲಿ ‘ಪೈಸಾಪೇ’ ಎಂಬ ವ್ಯವಸ್ಥೆ ಇತ್ತು. ನೀವು ಕಟ್ಟಿದ ಹಣ ನೇರ ಮಾರಿದವನಿಗೆ ಹೋಗದೆ ನಡುವೆ ನಿಲ್ಲುತ್ತಿತ್ತು. ಪಾರ್ಸೆಲ್ ಬಾರದಿದ್ದರೆ ಇಂತಿಷ್ಟು ದಿನದೊಳಗೆ ದೂರು ಕೊಟ್ಟು ವಾಪಸು ಕೇಳಬಹುದಿತ್ತು. ಇಂಥ ರಕ್ಷಣೆಯನ್ನು ದಾಟಲು ಲೋಕದ ಎಲ್ಲ ಹರಾಜು ತಾಣಗಳಲ್ಲೂ ವಂಚಕರು ಬಳಸಿದ್ದು ಒಂದೇ ಉಪಾಯ: ‘ಕಂಪನಿ ಕಮಿಷನ್ ಯಾಕೆ? ನೇರ ನನ್ನ ಖಾತೆಗೆ ಹಾಕಿ, ಕಡಿಮೆ ಮಾಡಿ ಕೊಡುತ್ತೇನೆ.’ ಹಾಗೆ ಹೊರಗೆ ಹೋಗಿ ಕೊಟ್ಟ ಹಣಕ್ಕೆ ಗ್ಯಾರಂಟಿ ಇರುವುದಿಲ್ಲ. ಇನ್ನೂ ಕೆಲವರು ತಿಂಗಳುಗಟ್ಟಲೆ ಸಣ್ಣ ವಸ್ತು ಪ್ರಾಮಾಣಿಕವಾಗಿ ಮಾರಿ ಒಳ್ಳೆಯ ರೇಟಿಂಗ್ ಗಳಿಸುತ್ತಾರೆ. ಆಮೇಲೆ ಒಮ್ಮೆಲೇ ದುಬಾರಿ ವಸ್ತುಗಳಿಗೆ ಹಣ ಪಡೆದು ಮಾಯ. 2018ರ ಆಗಸ್ಟಿನಲ್ಲಿ ಇಬೇ ಡಾಟ್ ಇನ್ ಬಾಗಿಲು ಹಾಕಿತು.

ಅಷ್ಟರಲ್ಲಿ 2016ರಲ್ಲಿ ಯುಪಿಐ ಬಂದಾಗಿತ್ತು. ನಮ್ಮ ಕಥೆಯೂ ಇಲ್ಲೇ ಬರುತ್ತದೆ. ಜಿಲ್ಲಾ ವರದಿಗಾರಿಕೆಯಲ್ಲಿ ಹೊಸ ಕ್ಯಾಮೆರಾ ಕೊಳ್ಳುವಷ್ಟು ಸಂಪಾದನೆ ಎಲ್ಲಿದೆ? ಹಾಗಾಗಿ ನಮ್ಮಲ್ಲೊಬ್ಬರು ಹಳೆ ವಸ್ತು ಮಾರುವ ತಾಣವೊಂದರಲ್ಲಿ ಕ್ಯಾಮೆರಾ ಹುಡುಕಿದರು. ಮಾರುವವನು ತಾನು ಸೇನೆಯಲ್ಲಿದ್ದೇನೆ, ವರ್ಗವಾಗಿದೆ ಎಂದ. ಸಮವಸ್ತ್ರದ ಫೋಟೊವನ್ನೂ ಕಳಿಸಿದ. ನಮ್ಮೂರ ಹುಡುಗರೂ ಸೇನೆಯಲ್ಲಿದ್ದಾರೆ, ಹಾಗಾಗಿ ನಂಬಿದೆವು. ಹದಿನಾಲ್ಕು ಸಾವಿರ ಹೋಯಿತು.

ಬ್ಯಾಂಕಿನಲ್ಲಿ ಕೇಳಿದಾಗ ಬಂದ ಪ್ರಶ್ನೆ ಒಂದೇ: ‘ಪಿನ್ ಒತ್ತಿದ್ದು ಯಾರು?’ ನಾವೇ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಗ್ರಾಹಕರನ್ನು ಕಾಯುವುದು ಅವರಿಗೆ ಗೊತ್ತಿಲ್ಲದೆ ಖಾತೆಯಿಂದ ಹಣ ಹೋದಾಗ. ಅಂಥಲ್ಲಿ ಬೇರೆ ಯಾರದೋ ಕೈವಾಡವಿದ್ದು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ಗ್ರಾಹಕರದಲ್ಲ. ಮೋಸಕ್ಕೆ ಮರುಳಾಗಿ ನಾವೇ ಕಳಿಸಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ವಿಪಿಪಿಯಲ್ಲಿ ಅಂಚೆಯಣ್ಣ ಇದ್ದ, ಪೈಸಾಪೇಯಲ್ಲಿ ಕಂಪನಿ ಇತ್ತು. ಯುಪಿಐಯಲ್ಲಿ ಹಣ ಕ್ಷಣದಲ್ಲಿ ದಾಟುತ್ತದೆ, ನಡುವೆ ಯಾರೂ ಹಿಡಿದಿಡುವುದಿಲ್ಲ. ಅದು ವೇಗವಾಗಿರುವುದೂ ಇದರಿಂದಲೇ.

ಕಾನೂನು ಸುಮ್ಮನೆ ಕೂತಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಹಳ್ಳಿಯವರಿಗೆ ತುಂಬ ಉಪಯೋಗದ ಒಂದು ಬದಲಾವಣೆ ಇದೆ. ಕೊಂಡವರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿ ದೆಹಲಿಯಲ್ಲಿದ್ದರೂ ಬೆಳ್ತಂಗಡಿ, ಸುಳ್ಯದವರಿಗೆ ಮಂಗಳೂರಿನ ಜಿಲ್ಲಾ ಗ್ರಾಹಕ ಆಯೋಗ ಸಾಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಆದರೆ ನಮ್ಮ ‘ಸೈನಿಕ’ನ ವಿಳಾಸ ಯಾವುದು? ನೋಟಿಸು ಯಾರ ಹೆಸರಿಗೆ?

ಹಾಗಾದಾಗ ಉಳಿಯುವುದು 1930. ಈ ಸಹಾಯವಾಣಿಗೆ ಕರೆ ಮಾಡಿದರೆ ಹಣ ಹೋದ ಖಾತೆಯ ಬ್ಯಾಂಕಿಗೆ ಸುದ್ದಿ ಮುಟ್ಟುತ್ತದೆ. ಅಲ್ಲಿ ಇನ್ನೂ ಉಳಿದಿರುವ ಹಣವನ್ನು ತಡೆಹಿಡಿಯುತ್ತಾರೆ. ನೂರು ವರ್ಷದ ಹಿಂದಿನ ಅಂಚೆ ನಿಯಮದ ಷರತ್ತೇ ಇಲ್ಲೂ, ಹಣ ಅಲ್ಲಿ ಇರಬೇಕು. ಆಗ ದಿನಗಳ ಲೆಕ್ಕವಿತ್ತು, ಈಗ ನಿಮಿಷಗಳದ್ದು.

ನಾವು ನಾಚಿಕೆಯಿಂದ ಯಾರಿಗೂ ಹೇಳದೆ ಒಂದು ರಾತ್ರಿ ಕಳೆದೆವು. ಬೆಳಿಗ್ಗೆ ಹೇಳುವ ಹೊತ್ತಿಗೆ ಆ ಖಾತೆ ಖಾಲಿಯಾಗಿತ್ತು. ಫೋಟೊಗಳನ್ನು ಈಗಲೂ ಮೊಬೈಲಿನಲ್ಲೇ ತೆಗೆಯುತ್ತೇವೆ.