ಕನ್ನ ಹಾಕುವವರ ರಾತ್ರಿ ಪಾಳಿ

ಪೀಣ್ಯದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಎಂದರೆ ಎಂಟು ಗಂಟೆಗಳ ದುಡಿಮೆ. 1950ರ ದಶಕದ ನಾಲ್ಕು ದರೋಡೆ ಚಿತ್ರಗಳನ್ನು ಒಂದರ ಹಿಂದೊಂದು ನೋಡುತ್ತ, ನಡುನಡುವೆ ಕಾಫಿಗೆ ಎದ್ದು ಬಂದರೆ, ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಅಲ್ಲಿನ ಕಳ್ಳರೂ ಒಂದು ಬಗೆಯ ಪಾಳಿ ಕೆಲಸಗಾರರೇ. ಒಬ್ಬ ಯೋಜನೆ ಹಾಕುತ್ತಾನೆ, ಒಬ್ಬ ತಿಜೋರಿ ಒಡೆಯುತ್ತಾನೆ, ಇನ್ನೊಬ್ಬ ಕಾರು ನಡೆಸುತ್ತಾನೆ. ಇಷ್ಟು ಅಚ್ಚುಕಟ್ಟಾಗಿ ದುಡಿದರೂ ಬೆಳಗಾಗುವಷ್ಟರಲ್ಲಿ ಎಲ್ಲರೂ ಸೋತಿರುತ್ತಾರೆ. ಏಕೆ?

ಮೊದಲನೆಯದು ಜಾನ್ ಹ್ಯೂಸ್ಟನ್ ನಿರ್ದೇಶಿಸಿದ ‘ದಿ ಆಸ್ಫಾಲ್ಟ್ ಜಂಗಲ್’ (1950). ಇದರಲ್ಲಿ ತಂಡದ ಮೇಧಾವಿ ಸಿಕ್ಕಿಬೀಳುವುದು ಹುಡುಗಿಯೊಬ್ಬಳ ಕುಣಿತ ನೋಡುತ್ತ ನಿಂತುದರಿಂದ. ಸ್ಟ್ಯಾನ್ಲಿ ಕುಬ್ರಿಕ್‌ನ ‘ದಿ ಕಿಲ್ಲಿಂಗ್’ (1956) ಚಿತ್ರದಲ್ಲಿ ಒಂದು ಪುಟ್ಟ ನಾಯಿ ಅಡ್ಡಬಂದು, ಪೆಟ್ಟಿಗೆ ಬಿದ್ದು ತೆರೆದು, ಕದ್ದ ನೋಟುಗಳೆಲ್ಲ ವಿಮಾನದ ಗಾಳಿಗೆ ಹಾರಿಹೋಗುತ್ತವೆ. ಇದನ್ನೆಲ್ಲ ವಿಧಿ ಎನ್ನಬಹುದು. ಆದರೆ ಆ ವಿಧಿಯನ್ನು ಮೊದಲೇ ಬರೆದಿಟ್ಟವರಿದ್ದರು. 1934ರಿಂದ ಬಿಗಿಯಾಗಿ ಜಾರಿಯಾದ ಹಾಲಿವುಡ್‌ನ ನಿರ್ಮಾಣ ಸಂಹಿತೆಯ ಪ್ರಕಾರ, ತೆರೆಯ ಮೇಲೆ ಅಪರಾಧಕ್ಕೆ ಫಲ ಸಿಗುವಂತಿರಲಿಲ್ಲ.

ಫ್ರಾನ್ಸಿನಲ್ಲಿ ತಯಾರಾದ ‘ರಿಫಿಫಿ’ಗೆ (1955) ಆ ಕಟ್ಟುಪಾಡು ಇರಲಿಲ್ಲ. ಅದರ ನಿರ್ದೇಶಕ ಜೂಲ್ಸ್ ಡಾಸಿನ್ ಅಮೆರಿಕದವನು. ಕಮ್ಯುನಿಸ್ಟನೆಂದು ಸಹೋದ್ಯೋಗಿಗಳೇ ಹೆಸರು ಹೇಳಿದ್ದರಿಂದ ಹಾಲಿವುಡ್‌ನಲ್ಲಿ ಅನ್ನ ಕಳೆದುಕೊಂಡಿದ್ದ. ಇವನ ಕಳ್ಳರು ಆಭರಣದಂಗಡಿಯ ಮೇಲಿನ ಮನೆಯ ನೆಲವನ್ನು ಉಳಿ-ಸುತ್ತಿಗೆಯಿಂದ ಕೊರೆಯುತ್ತಾರೆ. ಚೂರುಗಳು ಕೆಳಗೆ ಬಿದ್ದು ಸದ್ದಾಗದಂತೆ ತೂತಿನೊಳಗೆ ಛತ್ರಿ ಇಳಿಸಿ ಬಿಡಿಸುತ್ತಾರೆ. ಎಚ್ಚರಿಕೆ ಗಂಟೆಯೊಳಗೆ ಬೆಂಕಿ ಆರಿಸುವ ಯಂತ್ರದ ನೊರೆ ತುಂಬುತ್ತಾರೆ. ಸುಮಾರು ಅರ್ಧ ಗಂಟೆ ಮಾತಿಲ್ಲ, ಸಂಗೀತವಿಲ್ಲ. ಲೇತ್ ಮುಂದೆ ನಿಂತು ದುಡಿದವರಿಗೆ ಆ ಮೌನದ ಏಕಾಗ್ರತೆ ಚೆನ್ನಾಗಿ ಗೊತ್ತಿರುತ್ತದೆ. ಇಲ್ಲಿಯೂ ತಂಡ ನಾಶವಾಗುತ್ತದೆ. ಜೊತೆಗಾರರ ಗುಟ್ಟು ಬಿಟ್ಟುಕೊಟ್ಟು ಸಾಯುವವನ ಪಾತ್ರವನ್ನು ಡಾಸಿನ್ ತಾನೇ ವಹಿಸಿದ. ಅವನು ಅನುಭವಿಸಿದ್ದನ್ನು ನೆನೆದರೆ ಆ ದೃಶ್ಯ ಬೇರೆಯಾಗಿಯೇ ಕಾಣುತ್ತದೆ.

ಇಷ್ಟಾದ ಮೇಲೆ ನಗುವೂ ಬೇಕಲ್ಲ! ಇಟಲಿಯ ಮಾರಿಯೋ ಮೊನಿಚೆಲ್ಲಿ ನಿರ್ದೇಶಿಸಿದ ‘ಬಿಗ್ ಡೀಲ್ ಆನ್ ಮಡೋನಾ ಸ್ಟ್ರೀಟ್’ (1958) ಚಿತ್ರದ ಬಡಪಾಯಿಗಳು ತಪ್ಪು ಗೋಡೆ ಒಡೆದು ಅಡುಗೆಮನೆ ಸೇರುತ್ತಾರೆ. ಅಲ್ಲಿ ಸಿಕ್ಕ ಕಡಲೆಕಾಳಿನ ಪಾಸ್ತಾ ತಿಂದು ಮನೆಗೆ ಹೋಗುತ್ತಾರೆ.

ಹಾಲಿವುಡ್‌ನ ಸಂಹಿತೆ 1968ರಲ್ಲಿ ಕೊನೆಗೊಂಡಿತು. ಮರುವರ್ಷ ಬಂದ ಬ್ರಿಟಿಷ್ ಚಿತ್ರ ‘ದಿ ಇಟಾಲಿಯನ್ ಜಾಬ್’ ಗೆಲುವನ್ನೂ ಹೇಳಲಿಲ್ಲ, ಸೋಲನ್ನೂ ಹೇಳಲಿಲ್ಲ. ಚಿನ್ನ ತುಂಬಿದ ಬಸ್ಸನ್ನು ಪ್ರಪಾತದ ಅಂಚಿನಲ್ಲಿ ತೂಗಾಡಿಸಿ ಮುಗಿಸಿತು. ಕನ್ನಡದಲ್ಲಿ ಈ ಬಳಗಕ್ಕೆ ಹತ್ತಿರದ್ದು ಕಾರುಗಳ್ಳರ ಕಥೆಯಾದ, ಶಂಕರ್‌ನಾಗ್ ನಿರ್ದೇಶನದ ‘ಮಿಂಚಿನ ಓಟ’ (1980).

ನಮ್ಮಲ್ಲಿ ಚಲನಚಿತ್ರ ಪ್ರಮಾಣೀಕರಣಕ್ಕೆ 1952ರ ಕಾಯಿದೆಯಿದೆ. ಅದರಡಿ 1991ರಲ್ಲಿ ಹೊರಟ ಮಾರ್ಗಸೂಚಿ, ಜನರನ್ನು ಅಪರಾಧಕ್ಕೆ ಪ್ರೇರೇಪಿಸುವಂತೆ ಅಪರಾಧಿಗಳ ಕಾರ್ಯವಿಧಾನವನ್ನು ತೋರಿಸಬಾರದೆನ್ನುತ್ತದೆ. ಇದನ್ನು ಕಟ್ಟುನಿಟ್ಟಾಗಿ ಓದುವ ಪರೀಕ್ಷಕರ ಮುಂದೆ ‘ರಿಫಿಫಿ’ ಬಂದರೆ, ಮೊದಲು ಕತ್ತರಿಗೆ ಸಿಗುವುದು ಆ ಛತ್ರಿ.