ಎದೆಯೊಳಗಿನ ಧೂಳಿಗೆ ಎಷ್ಟು ಶೇಕಡಾ?

ನಮ್ಮ ಮಾಮು ಒಬ್ಬರು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಲ್ಲು ಕ್ವಾರಿಯಲ್ಲಿ ದುಡಿದವರು. ಐವತ್ತು ತುಂಬುವ ಮೊದಲೇ ಮಸೀದಿಯ ನಾಲ್ಕು ಮೆಟ್ಟಿಲು ಹತ್ತಲು ಅವರು ಎರಡು ಸಲ ನಿಂತು ಸುಧಾರಿಸಿಕೊಳ್ಳಬೇಕಾಯಿತು. ಯಾರೋ ಹೇಳಿದರೆಂದು ಅಂಗವಿಕಲ ವೇತನಕ್ಕೆ ಅರ್ಜಿ ಹಾಕಿಸಲು ಅವರನ್ನು ತಪಾಸಣಾ ಶಿಬಿರಕ್ಕೆ ಕರೆದೊಯ್ದೆವು. ಸರದಿ ಬಂದಾಗ ವೈದ್ಯರು ತಲೆಯೆತ್ತಿ ನೋಡಿ, "ಕೈಕಾಲು ಸರಿಯಾಗಿವೆಯಲ್ಲ ಸಾಬರೇ, ಇಲ್ಲಿಗ್ಯಾಕೆ ಬಂದಿರಿ?" ಎಂದು ಕೇಳಿದರು. ಆ ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ಅವರ ಮುಂದಿದ್ದ ನಮೂನೆಯಲ್ಲಿ ಕಣ್ಣಿಗೆ, ಕಿವಿಗೆ, ಕೈಕಾಲಿಗೆ ಜಾಗವಿತ್ತು, ಉಸಿರಿಗೆ ಇರಲಿಲ್ಲ. ಮಾಮು ಮರುಮಾತಾಡದೆ ಎದ್ದು ಬಂದರು.

ಅರ್ಜಿ ಎಂಬ ಪದ ಅರಬಿಯ 'ಅರ್ಜ್'ನಿಂದ ಬಂದದ್ದು. ತನ್ನ ಅಳಲನ್ನು ಎದುರಿಗಿಡುವುದು ಎಂದು ಅದರ ಅರ್ಥ. ಆದರೆ ದಫ್ತರದಲ್ಲಿ ಅಳಲಿಗಿಂತ ಅಳತೆ ಮುಖ್ಯ. ಮನುಷ್ಯನ ದೇಹವನ್ನು ಶೇಕಡಾ ಲೆಕ್ಕದಲ್ಲಿ ಅಳೆಯುವ ಈ ಪದ್ಧತಿ ನಮ್ಮಲ್ಲಿಗೆ ಹೇಗೆ ಬಂತು ಎಂದು ಹುಡುಕಿಕೊಂಡು ಹೋದರೆ ನಾವು ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಬ್ರಿಟಿಷ್ ಇಂಡಿಯಾದಲ್ಲಿ 1923ರಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂತು. ಕಾರ್ಖಾನೆಗಳಲ್ಲಿ ಯಂತ್ರಕ್ಕೆ ಸಿಕ್ಕು ಕೈಕಾಲು ಕಳೆದುಕೊಂಡವನಿಗೆ ಮಾಲೀಕ ಪರಿಹಾರ ಕೊಡಲೇಬೇಕೆಂದು ವಿಧಿಸಿದ ಈ ಕಾಯ್ದೆ ಆ ಕಾಲಕ್ಕೆ ದೊಡ್ಡ ಹೆಜ್ಜೆ. ಅದರ ಮೊದಲ ಅನುಸೂಚಿಯಲ್ಲಿ ಒಂದು ಪಟ್ಟಿಯಿತ್ತು. ಮೊಣಕೈಯಿಂದ ಮೇಲೆ ಬಲಗೈ ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇಕಡಾ 70 ನಷ್ಟ, ಎಡಗೈಯಾದರೆ 60. ಒಂದು ಕಣ್ಣಿಗೆ 30, ಹೆಬ್ಬೆರಳಿಗೆ 25, ತೋರುಬೆರಳಿಗೆ 10, ಉಳಿದ ಬೆರಳುಗಳಿಗೆ ತಲಾ 5. ಕಟುಕನ ಅಂಗಡಿಯ ದರಪಟ್ಟಿಯಂತೆ ಕಂಡರೂ ಇದರಿಂದ ಬಡವನಿಗೆ ಒಂದು ಉಪಕಾರವಾಯಿತು. ಬೆರಳು ಹೋದದ್ದಕ್ಕೆ ಯಾರ ಕಾಲೂ ಹಿಡಿಯಬೇಕಿರಲಿಲ್ಲ, ಪಟ್ಟಿಯನ್ನು ತೋರಿಸಿದರೆ ಸಾಕಿತ್ತು. ಕಾಯಿಲೆಗಳ ವಿಷಯ ಬೇರೆ. ಸೀಸದ ವಿಷದಂಥ ಕೆಲವೇ ರೋಗಗಳಿಗೆ ಆ ಕಾಯ್ದೆಯಲ್ಲಿ ಎಡೆ ಸಿಕ್ಕಿತು. ಕಲ್ಲಿನ ಧೂಳು ಆ ಮೊದಲ ಪಟ್ಟಿಯಲ್ಲಿರಲಿಲ್ಲ.

ಕಲ್ಲಿನ ಧೂಳಿನ ಮಾತು ಬಂದರೆ ನಾವು ಕೋಲಾರಕ್ಕೇ ಹೋಗಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಚಿನ್ನದ ಗಣಿಗಳು ಆಳಕ್ಕಿಳಿಯುತ್ತಲೇ ಹೋದವು. ಚಾಂಪಿಯನ್ ರೀಫ್ ಗಣಿ ನೆಲದೊಳಗೆ 3 ಕಿಲೋಮೀಟರಿಗಿಂತಲೂ ಕೆಳಗೆ ಹೋಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದದ್ದು ಈ ಗಣಿಗಳಿಗಾಗಿಯೇ. ಈ ವೈಭವವೆಲ್ಲ ನಮ್ಮ ಪಠ್ಯಪುಸ್ತಕಗಳಲ್ಲಿದೆ. ಕೆಳಗೆ ಬಂಡೆ ಕೊರೆಯುತ್ತಿದ್ದವರು ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತ ಕೂಲಿಗಳು. ಅವರು ಸೇದಿಕೊಂಡ ಧೂಳಿನ ಕಥೆ ಪಠ್ಯಪುಸ್ತಕದಲ್ಲಿಲ್ಲ.

ಬೆಣಚುಕಲ್ಲಿನ ನುಣ್ಣನೆಯ ಧೂಳಿನಲ್ಲಿ ಸಿಲಿಕಾ ಎಂಬ ಅಂಶವಿರುತ್ತದೆ. ಅದು ಶ್ವಾಸಕೋಶಕ್ಕೆ ಹೊಕ್ಕರೆ ಮೆತ್ತಗಿರಬೇಕಾದ ಅಂಗಾಂಶ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಏನೂ ಕಾಣಿಸುವುದಿಲ್ಲ. ಕಾಣಿಸಿಕೊಂಡ ಮೇಲೆ ಗುಣಪಡಿಸುವ ಮದ್ದಿಲ್ಲ. ಕೆಲಸ ಬಿಟ್ಟ ಮೇಲೂ ರೋಗ ಬೆಳೆಯುತ್ತಲೇ ಇರುತ್ತದೆ. ಎಕ್ಸ್‌ರೇಯಲ್ಲಿ ಕ್ಷಯದಂತೆ ಕಾಣುತ್ತದೆ. ಇಂಥ ಎದೆಗೆ ಕ್ಷಯವೂ ಬೇಗ ತಗಲುತ್ತದೆ. ಹಾಗಾಗಿ ಕಲ್ಲಿನಿಂದ ಸತ್ತವನನ್ನು 'ಟಿಬಿಯಿಂದ ಸತ್ತ' ಎಂದು ಬರೆದು ಮುಗಿಸುವುದು ಸುಲಭ.

1940ರಲ್ಲಿ ಮೈಸೂರು ಸಂಸ್ಥಾನ ಸಿಲಿಕೋಸಿಸ್ ನಿಯಮಗಳನ್ನು ಜಾರಿಗೆ ತಂದಿತು. ದೇಶದಲ್ಲಿ ಈ ರೋಗಕ್ಕೆ ಕಾನೂನಿನ ಹೆಸರು ಸಿಕ್ಕ ಮೊದಮೊದಲ ಸಂದರ್ಭಗಳಲ್ಲಿ ಇದೂ ಒಂದು. ಆಮೇಲೆ 1940ರಿಂದ 46ರವರೆಗೆ ಸುಮಾರು ಏಳೂವರೆ ಸಾವಿರ ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರ ಎದೆಯಲ್ಲಿ ಸಿಲಿಕೋಸಿಸ್ ಇತ್ತು. ರೋಗ ಆಗ ಹೊಸದಾಗಿ ಹುಟ್ಟಿದ್ದಲ್ಲ. ಅರವತ್ತು ವರ್ಷಗಳಿಂದ ಅಲ್ಲಿದ್ದದ್ದು ಹುಡುಕಿ ನೋಡಿದ ಮೇಲೆ ಕಂಡಿತು, ಅಷ್ಟೇ. ನಿಯಮವಿಲ್ಲದಿದ್ದಾಗ ಎಕ್ಸ್‌ರೇ ತೆಗೆಯುವವರಾರು? ಎಕ್ಸ್‌ರೇ ಇಲ್ಲದಿದ್ದರೆ ರೋಗಿಯೆಲ್ಲಿ? ನಮ್ಮ ಇಡೀ ಕಥೆಯಲ್ಲಿ ನೆನಪಿಡಬೇಕಾದ ಸಂಗತಿ ಇದು: ಪಟ್ಟಿಯಲ್ಲಿ ಹೆಸರಿಲ್ಲದ ಕಾಯಿಲೆ ದಫ್ತರದ ಕಣ್ಣಿಗೆ ಬೀಳುವುದೇ ಇಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಇಎಸ್‌ಐ ಕಾಯ್ದೆಯಾಯಿತು. ಮುಂದೆ ಆ ಯೋಜನೆಯಲ್ಲಿ ಕ್ಷಯದಂಥ ದೀರ್ಘ ಕಾಯಿಲೆಗಳಿಗೆ ಹೆಚ್ಚು ಕಾಲದ ಭತ್ಯೆಯೂ ಸೇರಿತು. ಆದರೆ ಅದು ವಿಮೆಯ ಚೀಟಿ ಇದ್ದವರಿಗೆ ಮಾತ್ರ. ಗಣಿಗಳನ್ನು ಕಾಯ್ದೆಯೇ ಹೊರಗಿಟ್ಟಿತ್ತು. ಹಾಜರಿ ಪುಸ್ತಕದಲ್ಲೇ ಹೆಸರಿಲ್ಲದ ಕ್ವಾರಿ ಕೂಲಿಗೆ, ಬೀಡಿ ಕಟ್ಟುವ ಹೆಂಗಸಿಗೆ, ಹಮಾಲಿಗೆ ಮಾಲೀಕನನ್ನು ತೋರಿಸುವುದೇ ಕಷ್ಟ. ಇನ್ನು ಆತನಿಂದ ಪರಿಹಾರ ಕೇಳುವುದೆಲ್ಲಿ? ಇಂಥವರಿಗೆ ಉಳಿದದ್ದು ಸರ್ಕಾರದ ಪಿಂಚಣಿಯ ಬಾಗಿಲು.

ಆ ಬಾಗಿಲಿಗೆ ಚೌಕಟ್ಟು ಸಿಕ್ಕಿದ್ದು 1995ರ ವಿಕಲಾಂಗರ ಕಾಯ್ದೆಯಿಂದ. ಅದು ತಾನಾಗಿ ಬರಲಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತೇ ದೆಹಲಿಯಲ್ಲಿ ಚಳವಳಿ ಕಟ್ಟಿದ, ಅಲೀಘಡದಲ್ಲಿ ಹುಟ್ಟಿದ ಜಾವೇದ್ ಆಬಿದಿಯಂಥವರು ಅದಕ್ಕಾಗಿ ಬೀದಿಗಿಳಿಯಬೇಕಾಯಿತು. ದಾನ ಬೇಡ, ಹಕ್ಕು ಬೇಕು ಎಂಬುದು ಅವರ ವಾದವಾಗಿತ್ತು. 2018ರಲ್ಲಿ ಅವರು ತೀರಿಕೊಂಡಾಗ ನಮ್ಮ ಪತ್ರಿಕೆಗಳು ಅದಕ್ಕೆ ಹೆಚ್ಚು ಜಾಗ ಕೊಟ್ಟ ನೆನಪಿಲ್ಲ. ಆ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತು: ಅಂಧತೆ, ಮಂದದೃಷ್ಟಿ, ಗುಣವಾದ ಕುಷ್ಠ, ಶ್ರವಣದೋಷ, ಚಲನವೈಕಲ್ಯ, ಬುದ್ಧಿಮಾಂದ್ಯ, ಮಾನಸಿಕ ಕಾಯಿಲೆ. ಜೊತೆಗೆ ಒಂದು ಗೆರೆ ಎಳೆಯಿತು. ವೈದ್ಯಾಧಿಕಾರಿ ಶೇಕಡಾ 40ಕ್ಕೆ ಕಡಿಮೆಯಿಲ್ಲ ಎಂದು ಬರೆದುಕೊಟ್ಟರೆ ಮಾತ್ರ ನೀವು ವಿಕಲಾಂಗರು. 1923ರ ಶೇಕಡಾ ಲೆಕ್ಕ ಹೀಗೆ ಹೊಸ ಬಟ್ಟೆ ತೊಟ್ಟು ಬಂತು. 2009ರಲ್ಲಿ ಕೇಂದ್ರದ ಇಂದಿರಾ ಗಾಂಧಿ ವಿಕಲಾಂಗ ಪಿಂಚಣಿ ಆರಂಭವಾದಾಗ ಗೆರೆ 80ಕ್ಕೆ ಏರಿತು, ಅದೂ ಬಡತನ ರೇಖೆಯ ಕೆಳಗಿರುವವರಿಗೆ. ಮೊತ್ತ ತಿಂಗಳಿಗೆ 200 ರೂಪಾಯಿ; 2012ರಲ್ಲಿ 300 ಆಯಿತು.

2007ರಲ್ಲಿ ಭಾರತ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಅದರ ಫಲವಾಗಿ 2016ರ ಹೊಸ ಕಾಯ್ದೆ ಬಂತು. ಏಳು ಇಪ್ಪತ್ತೊಂದಾಯಿತು. ಮೊದಲ ಬಾರಿಗೆ ಥಲಸ್ಸೀಮಿಯಾ, ಹಿಮೋಫಿಲಿಯಾ, ಕುಡಗೋಲು ಕಣ ರೋಗ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಸೇರಿದವು. ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಬೇಕಾದ ಮಗುವಿನ ತಾಯಿಗೆ, ಮೈಸೂರು ಚಾಮರಾಜನಗರದ ಕಾಡಂಚಿನಲ್ಲಿ ಕುಡಗೋಲು ಕಣದ ನೋವು ತಿನ್ನುವ ಆದಿವಾಸಿಗೆ ಇದು ಸಣ್ಣ ಸಂಗತಿಯಲ್ಲ. ಹೊರಗೆ ಕಾಣದ ಕಾಯಿಲೆಯೂ ವೈಕಲ್ಯವಾಗಬಲ್ಲದು ಎಂದು ಈ ದೇಶ ಒಪ್ಪಿಕೊಂಡ ಗಳಿಗೆ ಅದು.

ಆದರೆ ಒಪ್ಪಿಗೆ ಅರ್ಧದಲ್ಲೇ ನಿಂತಿತು. ದೀರ್ಘಕಾಲದ ದೈಹಿಕ, ಮಾನಸಿಕ ಕುಂದು ಸಮಾಜದ ಅಡ್ಡಿಗಳ ಜೊತೆ ಸೇರಿ ಮನುಷ್ಯನನ್ನು ಹಿಂದಕ್ಕೆ ತಳ್ಳುವುದೇ ವೈಕಲ್ಯ ಎಂದು ಕಾಯ್ದೆಯ ವ್ಯಾಖ್ಯಾನ ಉದಾರವಾಗಿ ಹೇಳುತ್ತದೆ. ಸೌಲಭ್ಯದ ಮಾತು ಬಂದಾಗ ಮಾತ್ರ ಪಟ್ಟಿ ಮತ್ತು ಶೇಕಡಾ 40ರ ಗೆರೆ ಮತ್ತೆ ಅಡ್ಡ ನಿಲ್ಲುತ್ತವೆ. ರಕ್ತದ ಕಾಯಿಲೆಗಳು ಪಟ್ಟಿಗೆ ಬಂದರೂ ಸರ್ಕಾರಿ ಉದ್ಯೋಗದ ಶೇಕಡಾ 4ರ ಮೀಸಲಾತಿಯಲ್ಲಿ ಅವಕ್ಕೆ ಸ್ವಂತ ಪಾಲಿಲ್ಲ. ಮೂತ್ರಪಿಂಡ ಸೋತು ಡಯಾಲಿಸಿಸ್‌ಗೆ ಅಲೆಯುವವರು, ಹೃದಯ ಕುಂದಿದವರು, ಶ್ವಾಸಕೋಶ ಕಲ್ಲಾದವರು ಇಪ್ಪತ್ತೊಂದರ ಆಚೆಗೇ ಉಳಿದರು. 1940ರಲ್ಲಿ ಮೈಸೂರು ಸಂಸ್ಥಾನ ಹೆಸರಿಟ್ಟು ಕರೆದ ರೋಗ 2016ರ ಪಟ್ಟಿಯಲ್ಲಿಲ್ಲ!

ರಾಜಸ್ಥಾನದ ಉದಾಹರಣೆ ನಮ್ಮ ಕಣ್ಣು ತೆರೆಸಬೇಕು. ಅಲ್ಲಿನ ಮರಳುಗಲ್ಲಿನ ಗಣಿ ಕಾರ್ಮಿಕರು, ಅವರ ವಿಧವೆಯರು, ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2019ರಲ್ಲಿ ಸರ್ಕಾರ ಸಿಲಿಕೋಸಿಸ್‌ಗೆಂದೇ ಒಂದು ನೀತಿ ತಂದಿತು. ರೋಗ ದೃಢಪಟ್ಟವರಿಗೆ 3 ಲಕ್ಷ ರೂಪಾಯಿ, ತೀರಿಕೊಂಡರೆ ಕುಟುಂಬಕ್ಕೆ 2 ಲಕ್ಷ, ಬದುಕಿರುವವರೆಗೆ ಪಿಂಚಣಿ. ಯಾವ ಮಾಲೀಕನ ಕೈಕೆಳಗೆ ದುಡಿದೆ ಎಂದು ಸಾಬೀತುಪಡಿಸಲಾಗದವನಿಗೂ ಬಾಗಿಲು ತೆರೆಯಿತು. ಕೋಲಾರದ ಚಿನ್ನ ಹೊತ್ತ ನಾಡಿಗೆ ಇದು ಅಸಾಧ್ಯವೇ?

ಈಗ ಅರ್ಜಿ ಕಂಪ್ಯೂಟರಿಗೆ ಬಂದಿದೆ. ಯುಡಿಐಡಿ ಎಂಬ ಒಂದೇ ಗುರುತಿನ ಚೀಟಿ ದೇಶಕ್ಕೆಲ್ಲ ನಡೆಯುತ್ತದೆ. 2024ರ ತಿದ್ದುಪಡಿಯ ಪ್ರಕಾರ ಚೀಟಿಯ ಬಣ್ಣವೂ ಶೇಕಡಾ ನೋಡಿಯೇ: 40ಕ್ಕೆ ಕಡಿಮೆಯಿದ್ದರೆ ಬಿಳಿ, 80ರವರೆಗೆ ಹಳದಿ, ಅದರ ಮೇಲೆ ನೀಲಿ. ಪ್ರಮಾಣಪತ್ರ ಕೊಡಲು ಹಿಂದೆ ಇದ್ದ ಒಂದು ತಿಂಗಳ ಗಡುವು ಮೂರು ತಿಂಗಳಾಯಿತು. ವೈದ್ಯರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಸಲ್ಲಿಸುವ ಹಕ್ಕು ಕಾಯ್ದೆಯಲ್ಲಿದೆ. ಇದು ಬಹಳ ಜನರಿಗೆ ತಿಳಿಯದು. ಹೊಸ ಕಾಯಿಲೆಗಳನ್ನು ಅಧಿಸೂಚನೆಯ ಮೂಲಕ ಪಟ್ಟಿಗೆ ಸೇರಿಸುವ ಅಧಿಕಾರವೂ ಕೇಂದ್ರಕ್ಕಿದೆ. ಅಂದರೆ ಪಟ್ಟಿ ಕಲ್ಲಿನಲ್ಲಿ ಕೊರೆದದ್ದೇನಲ್ಲ. ಏಳು ಇಪ್ಪತ್ತೊಂದಾದದ್ದು ಕೇಳುವವರು ಕೇಳಿದ್ದರಿಂದ.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಆದರೆ ರಾಜ್ಯದ ಕ್ವಾರಿಗಳಲ್ಲಿ, ಜಲ್ಲಿ ಕ್ರಷರುಗಳಲ್ಲಿ ಧೂಳು ಇವತ್ತೂ ಏಳುತ್ತಿದೆ. ಅದನ್ನು ಸೇದುತ್ತಿರುವವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಮಾಮು ಈಗಿಲ್ಲ. ಅವರ ಹಳೆಯ ಎಕ್ಸ್‌ರೇ ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಅವರ ಕೊನೆಯ ಆಸ್ಪತ್ರೆ ಚೀಟಿಯಲ್ಲಿ ಬರೆದಿರುವುದು ಟಿಬಿ ಎಂದೇ.