ಇಂಗ್ಲೀಷು ಶಬ್ದಗಳೂ ಕನ್ನಡದ ಕೋಶಗಳೂ

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಸೀಮೆಗಳ ನಡುವಣ ಅಂತರಘಟ್ಟೆಯಲ್ಲಿ ವರ್ಷವರ್ಷವೂ ನಡೆಯುವ ದುರ್ಗಾಂಬೆಯ ಜಾತ್ರೆಯನ್ನು ಒಮ್ಮೆ ಕಂಡವರು ಅಲ್ಲಿಗೆ ಬರುವ ಎತ್ತಿನ ಗಾಡಿಗಳನ್ನು ಮರೆಯಲಾರರು. ಅಮೃತಮಹಲು ತಳಿಯ ರಾಸುಗಳಿಗೆ ಹೆಸರಾದ ಸೀಮೆಯಿದು. ಗಾಡಿಯ ಮಾತು ಇಲ್ಲಿಯ ಜನಕ್ಕೆ ಮನೆಯ ಮಾತು. ನೊಗ, ಮೂಕಿ, ಅಚ್ಚು, ಕಡಾಣಿ, ಹೇರು ಮೊದಲಾದ ಶಬ್ದಗಳಲ್ಲಿ ಒಂದನ್ನಾದರೂ ಇಲ್ಲಿಯ ಒಕ್ಕಲಿನ ಹುಡುಗನು ಪುಸ್ತಕದಿಂದ ಕಲಿತವನಲ್ಲ. ತಂದೆಯು 'ನೊಗ ಎತ್ತು' ಎಂದನು, ಅಣ್ಣನು ಎತ್ತಿದನು. 'ಎತ್ತು ಬಿಚ್ಚು' ಎಂದನು, ಅಣ್ಣನು ಬಿಚ್ಚಿದನು. ಪಕ್ಕದಲ್ಲಿ ನಿಂತು ನೋಡಿದ ಬಾಲಕನಿಗೆ ಯಾವ ಶಬ್ದವು ಯಾವ ವಸ್ತುವಿಗೆ ಸಲ್ಲುವುದು, ಯಾವುದು ಕ್ರಿಯೆಗೆ ಸಲ್ಲುವುದು ಎಂಬುದು ತಾನಾಗಿಯೇ ವಿಶದವಾಯಿತು.

ತರ್ಕಶಾಸ್ತ್ರವನ್ನು ಬಲ್ಲವರಿಗೆ ಇದು ಹೊಸ ಸಂಗತಿಯೇನೂ ಅಲ್ಲ. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವನ್ನು ಅರಿಯುವುದಕ್ಕೆ ಪ್ರಾಚೀನರು ಎಂಟು ದಾರಿಗಳನ್ನು ಹೇಳಿದ್ದಾರೆ: ವ್ಯಾಕರಣ, ಉಪಮಾನ, ಕೋಶ, ಆಪ್ತರ ಮಾತು, ವ್ಯವಹಾರ, ವಾಕ್ಯಶೇಷ, ವಿವರಣೆ ಮತ್ತು ತಿಳಿದ ಪದದ ಸಾನ್ನಿಧ್ಯ. ಇವುಗಳಲ್ಲಿ ವ್ಯವಹಾರವೇ ಶ್ರೇಷ್ಠವೆಂಬುದು ಬಹುಜನಸಮ್ಮತವಾದ ಪಕ್ಷ. ಹಿರಿಯನು ಕಿರಿಯನಿಗೆ 'ಹಸುವನ್ನು ತಾ' ಎಂದಾಗ ನಡೆದುದನ್ನು ಕಂಡು ಕೂಸು ಭಾಷೆಯನ್ನು ಕಲಿಯುವುದೆಂದು ಅವರು ಕೊಟ್ಟ ದೃಷ್ಟಾಂತವೂ ಕೊಟ್ಟಿಗೆಯದೇ. ಕೋಶವು ಎಂಟರಲ್ಲಿ ಒಂದು ಮಾತ್ರ. ಕನ್ನಡ ನಾಡಿನಲ್ಲಿ ಇಂಗ್ಲೀಷು ಕಲಿಕೆಯ ಚರಿತ್ರೆಯನ್ನು ನೋಡಿದರೆ, ಈ ಒಂದು ದಾರಿಯನ್ನೇ ಹಿಡಿದು ಉಳಿದ ಏಳನ್ನು ಬಿಟ್ಟುದರಿಂದ ಆದ ತೊಡಕುಗಳು ಹೆಜ್ಜೆಹೆಜ್ಜೆಗೂ ಕಾಣಸಿಗುತ್ತವೆ.

ಮೈಸೂರು ಸಂಸ್ಥಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರವರು 1833ರಲ್ಲಿ ಮೈಸೂರು ನಗರದಲ್ಲಿ ಸ್ಥಾಪಿಸಿದ ಉಚಿತ ಪಾಠಶಾಲೆಯಲ್ಲಿ ಇಂಗ್ಲೀಷು ಬೋಧನೆ ನಡೆಯುತ್ತಿತ್ತು. 1857ರಲ್ಲಿ ವಿದ್ಯಾ ಇಲಾಖೆಯು ಏರ್ಪಟ್ಟಿತು. 1868ರಲ್ಲಿ ಲೂಯಿ ರೈಸರವರ ಯೋಜನೆಯಂತೆ ಹೋಬಳಿಗೊಂದು ಶಾಲೆ ತೆರೆಯುವ ಏರ್ಪಾಡಾದ ಮೇಲೆ ಹಳ್ಳಿಯ ಮಕ್ಕಳಿಗೂ ಅಕ್ಷರದ ಬಾಗಿಲು ಸ್ವಲ್ಪಮಟ್ಟಿಗೆ ತೆರೆಯಿತು. ಆದರೆ ಹೋಬಳಿ ಶಾಲೆಯ ಭಾಷೆ ಕನ್ನಡ. ಅದರಾಚೆಗಿನ ಹೈಸ್ಕೂಲಿನಲ್ಲಿ ಬಹುಕಾಲದವರೆಗೆ ಗಣಿತವಾಗಲಿ, ಭೂಗೋಳವಾಗಲಿ, ಚರಿತ್ರೆಯಾಗಲಿ ಎಲ್ಲವೂ ಇಂಗ್ಲೀಷಿನಲ್ಲಿಯೇ. ಆದುದರಿಂದ ಇಂಗ್ಲೀಷು ಶಬ್ದಗಳ ಬಡತನವು ಆ ಒಂದು ವಿಷಯಕ್ಕೆ ಮಾತ್ರ ತಗಲುವ ಬಡತನವಾಗಿರಲಿಲ್ಲ. ಲೆಕ್ಕವನ್ನು ಬಾಯಲ್ಲಿಯೇ ಬಿಡಿಸಬಲ್ಲ ಹುಡುಗನು, ಪ್ರಶ್ನೆಯ ಭಾಷೆ ತಿಳಿಯದೆ ಗಣಿತದಲ್ಲಿಯೇ ಸೋಲಬಹುದಾಗಿತ್ತು. ಸೋತವನು ದಡ್ಡನೆನಿಸಿಕೊಂಡು ಊರಿಗೆ ಹಿಂದಿರುಗುವನು. ಅವನು ದಡ್ಡನೋ, ಅವನಿಗೆ ಶಬ್ದಗಳನ್ನು ಕಲಿಸಿದ ರೀತಿಯು ದಡ್ಡತನದ್ದೋ ಎಂದು ಕೇಳುವವರು ವಿರಳರಾಗಿದ್ದರು.

ಆ ರೀತಿಯಾದರೂ ಎಲ್ಲಿಂದ ಬಂದುದು? ಅಮರಸಿಂಹನ ನಾಮಲಿಂಗಾನುಶಾಸನವನ್ನು ಕಂಠಪಾಠ ಮಾಡಿ ಬೆಳೆದ ಮನೆತನಗಳವರು ಇಂಗ್ಲೀಷಿಗೆ ಕೈಹಾಕಿದಾಗ ಅದೇ ಅಭ್ಯಾಸವನ್ನು ಕೊಂಡೊಯ್ದುದು ಸಹಜ. ಒಂದು ಕಡೆ ಇಂಗ್ಲೀಷು ಶಬ್ದ, ಎದುರಿಗೆ ಕನ್ನಡದ ಅರ್ಥ, ದಿನಕ್ಕೆ ಹತ್ತೋ ಇಪ್ಪತ್ತೋ ಬಾಯಿಪಾಠ. ಆದರೆ ಅಮರವನ್ನು ಉರುಹೊಡೆದ ಬಾಲಕನು ಮುಂದೆ ಕಾವ್ಯಪಾಠಕ್ಕೆ ಕುಳಿತು, ಆ ಶಬ್ದಗಳು ಎಲ್ಲೆಲ್ಲಿ ಹೇಗೆ ನಿಲ್ಲುತ್ತವೆಂಬುದನ್ನು ಗುರುಮುಖದಿಂದ ಶ್ಲೋಕಶ್ಲೋಕಕ್ಕೂ ಕೇಳುತ್ತಿದ್ದನು. ಇಂಗ್ಲೀಷಿನ ಪಾಲಿಗೆ ಕಂಠಪಾಠವು ಉಳಿಯಿತು, ಕಾವ್ಯಪಾಠವು ಬರಲಿಲ್ಲ. ಅಮರವನ್ನು ದೂಷಿಸುವವರು ಈ ಭೇದವನ್ನು ಗಮನಿಸಬೇಕು.

ಇದರ ಫಲವನ್ನು ಒಂದು ಚಿಕ್ಕ ಉದಾಹರಣೆಯಿಂದ ತಿಳಿಯಬಹುದು. ಕನ್ನಡದಲ್ಲಿ ಬಂಡಿಯು ಹಳೆಯದು, ಎತ್ತು ಮುದಿಯಾದುದು, ತಂದೆಯು ವಯಸ್ಸಾದವನು ಅಥವಾ ವೃದ್ಧನು. ಇಂಗ್ಲೀಷಿನಲ್ಲಿ ಈ ಮೂರಕ್ಕೂ 'ಓಲ್ಡ್' ಎಂಬ ಒಂದೇ ಶಬ್ದವು ಸಾಕು. ಕೋಶದಲ್ಲಿ 'ಹಳೆಯ' ಎಂಬ ಮೊದಲನೆಯ ಅರ್ಥವನ್ನು ಮಾತ್ರ ನೋಡಿ, ತಂದೆಯನ್ನು 'ಹಳೆಯ ತಂದೆ' ಎಂದು ಅನುವಾದಿಸುವ ವಿದ್ಯಾರ್ಥಿಯನ್ನು ಕಂಡು ತರಗತಿಯು ನಗುವುದು. ಅದೇ ವಿದ್ಯಾರ್ಥಿಯು ಇಂಗ್ಲೀಷಿಗೆ ತಿರುಗಿದಾಗ ಎತ್ತರವಾದ ಬೆಟ್ಟಕ್ಕೆ 'ಟಾಲ್' ಎಂದೂ ಎತ್ತರವಾದ ಮನುಷ್ಯನಿಗೆ 'ಹೈ' ಎಂದೂ ಬರೆದರೆ ತಪ್ಪೇನೆಂಬುದು ಅವನಿಗೆ ತೋರದು. ಕೋಶದಲ್ಲಿ ಎರಡಕ್ಕೂ 'ಎತ್ತರವಾದ' ಎಂದೇ ಇದೆಯಲ್ಲವೆ?

ಹೀಗೆಂದು ಕೋಶಕಾರರನ್ನು ನಿಂದಿಸಲಾಗದು. ಕನ್ನಡ–ಇಂಗ್ಲೀಷು ಕೋಶಗಳನ್ನು ಮೊದಲು ರಚಿಸಿದವರು ಪರದೇಶದ ಪಾದ್ರಿಗಳು. ಕನ್ನಡಿಗರಿಗೆ ಇಂಗ್ಲೀಷು ಕಲಿಸುವುದು ಅವರ ಪ್ರಥಮೋದ್ದೇಶವೂ ಅಲ್ಲ. ತಾವು ಕನ್ನಡವನ್ನು ಕಲಿಯಬೇಕು, ತಮ್ಮ ಧರ್ಮಗ್ರಂಥಗಳನ್ನು ಕನ್ನಡಕ್ಕೆ ತರಬೇಕು, ಇದು ಅವರ ಪ್ರಯೋಜನ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಎಂಬವರು 1824ರಲ್ಲಿ ಇಂಗ್ಲೀಷು–ಕನ್ನಡ ಕೋಶವನ್ನೂ 1832ರಲ್ಲಿ ಕನ್ನಡ–ಇಂಗ್ಲೀಷು ಕೋಶವನ್ನೂ ಮದರಾಸಿನಲ್ಲಿ ಅಚ್ಚುಮಾಡಿಸಿದರು. ಎರಡನೆಯದನ್ನು ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಿಂದ ಹೊರತಂದರು. ಶಾಲೆಯ ಮಕ್ಕಳ ಕೈಗೆ ಒಪ್ಪುವಂತಹ ಚಿಕ್ಕ ಕೋಶಗಳು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂದುವು: ಜೀಗ್ಲರರ ಇಂಗ್ಲೀಷು–ಕನ್ನಡ ಶಾಲಾಕೋಶವು 1876ರಲ್ಲಿ, ಬೂಖರರ ಕನ್ನಡ–ಇಂಗ್ಲೀಷು ಶಾಲಾಕೋಶವು 1899ರಲ್ಲಿ.

ಇವೆರಡರ ನಡುವೆ, 1894ರಲ್ಲಿ, ಫರ್ಡಿನಂಡ್ ಕಿಟ್ಟೆಲರ ಮಹಾಕೋಶವು ಮಂಗಳೂರಿನಲ್ಲಿ ಪ್ರಕಟವಾಯಿತು. ಸುಮಾರು 70,000 ಶಬ್ದಗಳ ಈ ಗ್ರಂಥದ ಹಿರಿಮೆಯು ಸಂಖ್ಯೆಯಲ್ಲಿಲ್ಲ. 1853ರಲ್ಲಿ ಈ ದೇಶಕ್ಕೆ ಬಂದ ಈ ಜರ್ಮನ್ ವಿದ್ವಾಂಸರು ಕೋಶಕ್ಕೆ ಮೊದಲೇ, 1872ರಲ್ಲಿ, ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ ಮುದ್ರಿಸಿದ್ದರು. ಕೇಶಿರಾಜನಾದರೋ ಹಿಂದಿನ ಕವಿಗಳ ಪ್ರಯೋಗವನ್ನು ಕಣ್ಣಮುಂದಿಟ್ಟುಕೊಂಡು ಸೂತ್ರ ಬರೆದವನು. ಅವನ ಗ್ರಂಥದ ಕೊನೆಯ ಭಾಗದ ಹೆಸರೇ ಪ್ರಯೋಗಸಾರ. ಆ ಹದಿಮೂರನೆಯ ಶತಮಾನದ ವೈಯಾಕರಣನ ಶಿಷ್ಯತ್ವವು ಕಿಟ್ಟೆಲರಿಗೆ ವ್ಯರ್ಥವಾಗಲಿಲ್ಲ. ಅವರ ಕೋಶದಲ್ಲಿ ಶಬ್ದಕ್ಕೆ ಅರ್ಥವನ್ನು ಹೇಳಿ ಸುಮ್ಮನಾಗದೆ, ಹಳೆಯ ಗ್ರಂಥಗಳ ಆಧಾರವನ್ನೂ ಜನರ ಬಾಯಲ್ಲಿರುವ ಗಾದೆಗಳನ್ನೂ ಕೊಟ್ಟಿದ್ದಾರೆ. ಗಾದೆಯೊಳಗಿನ ಶಬ್ದವು ನೆಲದಲ್ಲಿ ಬೇರೂರಿದ ಗಿಡದಂತೆ. ಪಟ್ಟಿಯೊಳಗಿನದು ಕಿತ್ತು ಒಣಗಿಸಿದ ಮೂಲಿಕೆ. ಕಿಟ್ಟೆಲರ ಕೋಶವನ್ನು ಮನೆಯಲ್ಲಿಟ್ಟುಕೊಂಡ ವಿದ್ಯಾವಂತರು ಅದನ್ನು ಕನ್ನಡದ ಅರ್ಥಕ್ಕಾಗಿ ತೆರೆದು, ತಮಗರಿಯದಂತೆಯೇ ಇಂಗ್ಲೀಷನ್ನೂ ಕಲಿತುದುಂಟು. ತಿಳಿದ ಪದದ ಸಾನ್ನಿಧ್ಯವೆಂದು ಶಾಸ್ತ್ರಕಾರರು ಹೇಳಿದುದು ಇದನ್ನೇ.

ಇತ್ತ ಶಾಲೆಯ ಹೊರಗೆ ವ್ಯವಹಾರವೆಂಬ ಗುರುವು ತನ್ನ ಪಾಠವನ್ನು ನಡೆಸುತ್ತಲೇ ಇದ್ದನು. 1880ರ ದಶಕದ ಕೊನೆಗೆ ಹರಿಹರದ ಕಡೆಗೆ ಸಾಗಿದ ರೈಲುಮಾರ್ಗವು ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದುಹೋಯಿತು. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಕವಲು ಹೊರಟಿತು. ಟಿಕೀಟು, ಸ್ಟೇಷನ್ನು, ಗೇಟು, ಸಿಗ್ನಲ್ಲು ಇವನ್ನು ಅಕ್ಷರಜ್ಞಾನವಿಲ್ಲದವರೂ ಕಲಿತರು, ಕೊನೆಯಲ್ಲೊಂದು ಉಕಾರವನ್ನು ಸೇರಿಸಿ ಕನ್ನಡದ ವಿಭಕ್ತಿಗೆ ಒಗ್ಗಿಸಿಕೊಂಡರು. ಆದರೆ ಅರ್ಥವು ಕೆಲವೆಡೆ ಜಾರಿತು. ಇಂಗ್ಲೀಷಿನವರ 'ರೈಲ್' ಎಂಬುದು ಕಬ್ಬಿಣದ ಕಂಬಿ. ಕನ್ನಡಿಗರ ರೈಲು ಅದರ ಮೇಲೆ ಓಡುವ ಬಂಡಿ. ಕನ್ನಡದಲ್ಲಿ ಇದು ತಪ್ಪಲ್ಲ, ಶಬ್ದವು ಬಂದ ಮನೆಯ ರೂಢಿಗೆ ನಡೆದುಕೊಂಡಿತು. ಇಂಗ್ಲೀಷು ಬರೆಯುವಾಗ 'ರೈಲ್ ಬಂದಿತು' ಎಂದರೆ ಮಾತ್ರ ಕಂಬಿಯೇ ನಡೆದು ಬಂದಂತಾಗುವುದು!

ಶಬ್ದದ ಮೂಲವನ್ನು ಹಿಡಿದರೆ ಅರ್ಥಗಳು ಹೇಗೆ ಒಂದರ ಹಿಂದೊಂದು ಬರುವುವೆಂಬುದಕ್ಕೆ 'ಚಾರ್ಜು' ಎಂಬುದಕ್ಕಿಂತ ಒಳ್ಳೆಯ ನಿದರ್ಶನವು ಸಿಗಲಾರದು. ಬಸ್ಸಿಗೆ ಕೊಡುವುದು ಚಾರ್ಜು. ಅಮಲ್ದಾರರು ವರ್ಗವಾಗಿ ಬಂದು ವಹಿಸಿಕೊಳ್ಳುವುದೂ ಚಾರ್ಜು. ಕೋರ್ಟಿನಲ್ಲಿ ಅಪರಾಧಿಯ ಮೇಲೆ ಹಾಕುವುದು, ಗುಂಪಿನ ಮೇಲೆ ಪೊಲೀಸರು ಲಾಠಿಯಿಂದ ಮಾಡುವುದು, ಕೋವಿಯೊಳಗೆ ತುಂಬುವ ಮದ್ದು, ಈಗಿನ ಕಾಲದಲ್ಲಿ ಫೋನಿಗೆ ತುಂಬುವ ವಿದ್ಯುತ್ತು, ಎಲ್ಲವೂ ಚಾರ್ಜು. ಬೇರೆಬೇರೆಯಾಗಿ ಉರುಹೊಡೆದರೆ ಇವು ಆರು ಶಬ್ದಗಳು. ಆದರೆ ಇದರ ಮೂಲವು ಲ್ಯಾಟಿನ್ನಿನ 'ಕಾರ್ರುಸ್' ಎಂಬುದು, ಅದರ ಅರ್ಥ ಬಂಡಿ! ಅದರಿಂದ ಬಂಡಿಗೆ ಹೇರುವುದೆಂಬ ಕ್ರಿಯಾಪದವು ಹುಟ್ಟಿ, ಫ್ರೆಂಚಿನ ದಾರಿಯಾಗಿ ಇಂಗ್ಲೀಷಿಗೆ ಬಂದಿತು. ಕಾರು, ಕ್ಯಾರಿ, ಕಾರ್ಗೋ ಇವೂ ಅದರ ದಾಯಾದಿಗಳೇ. ಹೇರು ಎಂಬುದನ್ನು ಹಿಡಿದುಕೊಂಡು ನೋಡಿದರೆ, ಹಣದ ಹೊರೆಯೂ ಅಧಿಕಾರದ ಹೊರೆಯೂ ಮದ್ದಿನ ಹೊರೆಯೂ ಒಂದೇ ಜಾತಿಯವೆಂಬುದು ಸ್ಪಷ್ಟ. ಕನ್ನಡವು ಕೂಡ ಈ ದಾರಿಯನ್ನೇ ನಡೆದಿದೆ: ಹೊಣೆಯನ್ನು 'ಹೊರು'ವುದು, ಅಪವಾದವನ್ನು 'ಹೊರಿಸು'ವುದು. ಅಂತರಘಟ್ಟೆಯ ಗಾಡಿಯವನ ಮಗನಿಗೆ ಈ ಶಬ್ದವನ್ನು ಮನೆಯಂಗಳದ ಗಾಡಿಯನ್ನು ತೋರಿಸಿಯೇ ಕಲಿಸಬಹುದಾಗಿತ್ತು.

ಅಮರಕೋಶದ ನಾನಾರ್ಥವರ್ಗವನ್ನು ಓದಿದವರಿಗೆ ಇದು ಸುಲಭವಾಗಿ ಮನದಟ್ಟಾಗಬೇಕು. 'ಸೈಂಧವವನ್ನು ತಾ' ಎಂದರೆ ಊಟದ ಹೊತ್ತಿನಲ್ಲಿ ಉಪ್ಪು, ಪ್ರಯಾಣದ ಹೊತ್ತಿನಲ್ಲಿ ಕುದುರೆ. ಎರಡಕ್ಕೂ ಮೂಲ ಒಂದೇ, ಸಿಂಧುದೇಶದಿಂದ ಬಂದುದು. ಸಂದರ್ಭವೇ ಅರ್ಥವನ್ನು ನಿರ್ಣಯಿಸುವುದೆಂಬ ಈ ಪಾಠವು ಸಂಸ್ಕೃತದ ಗಂಟೆಯಲ್ಲಿ ನಡೆಯುತ್ತಿತ್ತು. ಮುಂದಿನ ಗಂಟೆ ಇಂಗ್ಲೀಷಿನದು, ಅಲ್ಲಿಗೆ ಅದು ಹೋಗುತ್ತಿರಲಿಲ್ಲ.

ಶಬ್ದಗಳ ಸಾಗಾಟವು ಒಂದೇ ದಿಕ್ಕಿನದೂ ಅಲ್ಲ. ಯೂಲ್ ಮತ್ತು ಬರ್ನೆಲ್ ಎಂಬವರು 1886ರಲ್ಲಿ ಪ್ರಕಟಿಸಿದ 'ಹಾಬ್ಸನ್–ಜಾಬ್ಸನ್' ಎಂಬ ಕೋಶವು ಹಿಂದೂದೇಶದಿಂದ ಇಂಗ್ಲೀಷಿಗೆ ಹೋದ ಶಬ್ದಗಳ ಭಂಡಾರ. ಅಂತರಘಟ್ಟೆಯೆಂಬ ಹೆಸರಿನಲ್ಲಿ ಕಿವಿಗೆ ಕೇಳಿಸುವ 'ಘಟ್ಟ'ವು ಅದರಲ್ಲಿ 'ಘಾಟ್' ಎಂಬ ರೂಪದಲ್ಲಿ ಕುಳಿತಿದೆ. ನದಿಯ ಇಳಿದಾಣಕ್ಕೂ ಬೆಟ್ಟದ ಕಣಿವೆದಾರಿಗೂ ಸಲ್ಲುವ ಈ ಶಬ್ದವನ್ನು ಐರೋಪ್ಯರು ಬೆಟ್ಟಗಳ ಸಾಲಿಗೇ ಇಟ್ಟರೆಂದು ಆ ಕೋಶಕಾರರು ಆಕ್ಷೇಪಿಸಿದ್ದಾರೆ. ಆದರೆ 'ಘಟ್ಟದ ಮೇಲೆ', 'ಘಟ್ಟದ ಕೆಳಗೆ' ಎನ್ನುವ ಕನ್ನಡಿಗನು ಹೇಳುವುದಾದರೂ ದಾರಿಯನ್ನಲ್ಲ, ಸಾಲನ್ನೇ. ಪಂಡಿತರ ಆಕ್ಷೇಪಕ್ಕಿಂತ ಮಲೆನಾಡಿನ ರೂಢಿಯೇ ಇಲ್ಲಿ ಬಲವತ್ತರವೆನ್ನಬೇಕು.

ಕನ್ನಡಿಗರೇ ಕನ್ನಡಿಗರಿಗಾಗಿ ಇಂಗ್ಲೀಷಿನ ದೊಡ್ಡ ಕೋಶವನ್ನು ರಚಿಸುವ ಕಾಲವು ಬಂದುದು 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆ. ಆ ಕೋಶದ ಸಂಪಾದನೆಯಲ್ಲಿ ಮುಂದಾಳಾಗಿ ದುಡಿದವರು ಬೆಳ್ಳಾವೆ ವೆಂಕಟನಾರಣಪ್ಪನವರು. ಇವರು ಭೌತಶಾಸ್ತ್ರದ ಅಧ್ಯಾಪಕರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ನಡೆಸಿದವರು. ಇಂಗ್ಲೀಷಿನ ಶಾಸ್ತ್ರವಿಷಯವನ್ನು ತಿಂಗಳು ತಿಂಗಳು ಕನ್ನಡದಲ್ಲಿ ಹೇಳಬೇಕಾಗಿ ಬಂದವರಿಗೆ ಪ್ರತಿಯೊಂದು ಶಬ್ದದ ತೂಕವೂ ಗೊತ್ತಿರುತ್ತದೆ. ವೆಂಕಟನಾರಣಪ್ಪನವರು 1943ರಲ್ಲಿ ತೀರಿಕೊಂಡರು. ಕೋಶವು 1946ರಲ್ಲಿ ಹೊರಬಂದಿತು. ಅಚ್ಚಾದ ಗ್ರಂಥವನ್ನು ಕೈಯಲ್ಲಿ ಹಿಡಿಯುವ ಭಾಗ್ಯ ಅವರಿಗೆ ಇರಲಿಲ್ಲ.

ಕೋಶದ ಕೆಲಸವನ್ನೇ ಬಾಳಾಗಿಸಿಕೊಂಡ ಜಿ. ವೆಂಕಟಸುಬ್ಬಯ್ಯನವರು 1991ರಿಂದ ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಎಂಬ ಅಂಕಣವನ್ನು ಬರೆದರು. ಓದುಗರು ಕೇಳುವರು, ಇವರು ಉತ್ತರಿಸುವರು: ಈ ಶಬ್ದಕ್ಕೆ ಅರ್ಥವೇನು, ಇದು ಎಲ್ಲಿಂದ ಬಂದುದು, ಹೀಗೆ ಪ್ರಯೋಗಿಸಬಹುದೆ? ನೂರು ವರ್ಷಗಳನ್ನು ದಾಟಿ ಬಾಳಿ 2021ರಲ್ಲಿ ಅವರು ನಿಧನರಾದರು. ಪ್ರಶ್ನೆಗಳನ್ನು ಬರೆದು ಕಳುಹಿಸಿದವರಲ್ಲಿ ಊರೂರಿನ ಗೃಹಸ್ಥರೂ ಇದ್ದರು, ಉಪಾಧ್ಯಾಯರೂ ಇದ್ದರು.